ಒಂದು ಸೈಕಲ್ಲು, ಎರಡು ದಾರಿ

ಮಠದ ಸ್ವಾಮಿಗಳಿಗೆ ಸೈಕಲ್ಲಿನ ಗೊಡವೆ ಏಕೆಂದು ತಾವು ಕೇಳಬಹುದು. ವಿಚಾರಿಸದೆ ಕೊಟ್ಟ ಸಲಹೆ ಎಂಥ ಅನರ್ಥವನ್ನು ಮಾಡುತ್ತದೆ ಎಂಬುದನ್ನು ನಾವು ಒಂದು ಸೈಕಲ್ಲಿನಿಂದಲೇ ಕಲಿತೆವು. ಆದುದರಿಂದ ಈ ಬರಹ.

ನಮ್ಮ ಪ್ರಸಾದನಿಲಯದಲ್ಲಿದ್ದು ಓದುತ್ತಿರುವ ಕುಂದಗೋಳ ಕಡೆಯ ಹುಡುಗನೊಬ್ಬನಿಗೆ ಸೈಕಲ್ ಸವಾರಿಯ ಹಂಬಲ. ರವಿವಾರ ಬಂದರೆ ಕಲಘಟಗಿಯ ಕಡೆಯ ಗುಡ್ಡಗಳಲ್ಲಿ, ಒಬ್ಬರ ಹಿಂದೊಬ್ಬರು ಮಾತ್ರ ಸಾಗಬಹುದಾದ ಕಾಲುದಾರಿಗಳಲ್ಲಿ ಅಲೆಯಬೇಕು. ಜೊತೆಗೆ, ಬ್ರೆವೆ ಎಂಬ ದೂರದ ಸವಾರಿಯಲ್ಲಿ 200 ಕಿಲೋಮೀಟರನ್ನು ಕ್ರಮಿಸಬೇಕು. ತಂದೆ ಮೆಣಸಿನಕಾಯಿ ಮಾರಿದ ಹಣದಲ್ಲಿ ಒಂದಿಷ್ಟನ್ನು ಮಗನ ಕೈಗಿತ್ತಿದ್ದರು. ಅವನು ಬಂದು, "ಅಜ್ಜಾರ, ಎಂಥಾ ಸೈಕಲ್ಲ ತಗೊಳ್ಳಲ್ರೀ?" ಎಂದು ಕೇಳಿದ.

1993ರ ಸುಮಾರಿಗೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದಾಗ ನಾವು ಗೇರಿಲ್ಲದ ಕರಿಯ ಸೈಕಲ್ಲಿನ ಮೇಲೆ ಆ ಗುಡ್ಡದ ಏರನ್ನು ದಿನವೂ ಹತ್ತಿದವರು. ಸೈಕಲ್ಲಿನ ವಿಷಯದಲ್ಲಿ ನಮಗೆ ತಿಳಿಯದ್ದೇನಿದೆ ಎಂಬ ಭಾವ ಬಂದಿತು. "ಹಿಂದೂ ಮುಂದೂ ಸ್ಪ್ರಿಂಗ್ ಇದ್ದದ್ದನ್ನ ತಗೋ ತಮ್ಮಾ, ಮೈಗೆ ಪೆಟ್ಟು ಹತ್ತೂದಿಲ್ಲ" ಎಂದುಬಿಟ್ಟೆವು. ಹುಡುಗ ಹಾಗೆಯೇ ಮಾಡಿದ.

200 ಕಿಲೋಮೀಟರಿನ ಬ್ರೆವೆಗೆ ಹದಿಮೂರೂವರೆ ಗಂಟೆಗಳ ಕಾಲಮಿತಿ. ಉಣ್ಣುವುದು, ದಣಿವಾರಿಸಿಕೊಳ್ಳುವುದು ಎಲ್ಲವೂ ಅದರಲ್ಲಿಯೇ. ಗಂಟೆಗೆ ಸುಮಾರು 15 ಕಿಲೋಮೀಟರಿನ ನಡೆ ತಪ್ಪಬಾರದು. ನಮ್ಮ ಹುಡುಗ 140ನೆಯ ಕಿಲೋಮೀಟರಿನಲ್ಲಿ ಇಳಿದುಬಿಟ್ಟ. ಬಂದವನು ನಮ್ಮನ್ನು ದೂರಲಿಲ್ಲ. "ನನ್ನ ಕಾಲಾಗ ಕಸುವು ಸಾಲಲಿಲ್ರೀ ಅಜ್ಜಾರ" ಎಂದ. ಅಂದಿನಿಂದ ಸೈಕಲ್ಲನ್ನು ಮುಟ್ಟಲಿಲ್ಲ.

ತಿಂಗಳು ಕಳೆದ ಮೇಲೆ ಅದನ್ನು ಹುಬ್ಬಳ್ಳಿಯ ವೃದ್ಧ ಮಿಸ್ತ್ರಿಯೊಬ್ಬರಿಗೆ ತೋರಿಸಿದೆವು. ಅವರು ಅದನ್ನೆತ್ತಿ ನಮ್ಮ ಕೈಗೇ ಕೊಟ್ಟರು. "ಇಷ್ಟು ಭಾರ ತಗೊಂಡು ಹುಡುಗ ಹೆಂಗ ದೂರ ಹೋಗ್ಬೇಕ್ರೀ? ತುಳಿದ ಕಸುವೆಲ್ಲಾ ಹಿಂದಿನ ಸ್ಪ್ರಿಂಗೇ ತಿಂತೈತಿ" ಎಂದರು. ಫ್ರೇಮೂ ಅವನ ಅಳತೆಗೆ ದೊಡ್ಡದಾಗಿತ್ತು. ಸೋತದ್ದು ಹುಡುಗನ ಕಾಲಲ್ಲ, ನಮ್ಮ ಮಾತು! ತನ್ನದಲ್ಲದ ತಪ್ಪನ್ನು ಅವನು ಒಂದು ತಿಂಗಳು ಹೊತ್ತಿದ್ದ.

ಅನಂತರ ನಾವು ವಿದ್ಯಾರ್ಥಿಗಳಾಗಿ ಕುಳಿತು ಆ ಮಿಸ್ತ್ರಿಗಳಿಂದಲೂ ಪುಸ್ತಕಗಳಿಂದಲೂ ತಿಳಿದುಕೊಂಡೆವು. ಗುಡ್ಡದ ಸೈಕಲ್ಲು ಹುಟ್ಟಿದ್ದು ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ. 1970ರ ದಶಕದಲ್ಲಿ ಅಲ್ಲಿಯ ಟಮಲ್ಪಾಯಸ್ ಬೆಟ್ಟದ ಸೀಮೆಯ ಯುವಕರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. 1977ರಲ್ಲಿ ಜೋ ಬ್ರೀಜ್ ಎಂಬುವರು ಅದಕ್ಕೆಂದೇ ಹೊಸ ಫ್ರೇಮನ್ನು ಕಟ್ಟಿದರು. ಸ್ಪ್ರಿಂಗುಗಳು ಬಂದದ್ದು ಆಮೇಲೆ. ಅಂದರೆ ಸ್ಪ್ರಿಂಗು ಈ ಸೈಕಲ್ಲಿನ ಜೀವಾಳವಲ್ಲ. ಬಲವಾದ ಫ್ರೇಮು, ದಪ್ಪ ಟೈರು, ನಂಬಿಕೆಯ ಬ್ರೇಕು ಇವೇ ಜೀವಾಳ.

ಕಾಲುದಾರಿ, ದೂರದಾರಿ ಎರಡಕ್ಕೂ ಒಂದೇ ಸೈಕಲ್ಲು ಬೇಕೆನ್ನುವವರು ಮುಂದೆ ಮಾತ್ರ ಸಸ್ಪೆನ್ಷನ್ ಇದ್ದು ಹಿಂದೆ ಗಟ್ಟಿ ಫ್ರೇಮಿರುವುದನ್ನು ನೋಡಬೇಕು. ಮುಂದಿನ ಫೋರ್ಕು 100ರಿಂದ 120 ಮಿಲಿಮೀಟರು ಕುಗ್ಗಿದರೆ ನಮ್ಮ ಗುಡ್ಡಗಳಿಗೆ ಸಾಕು. ಡಾಂಬರು ರಸ್ತೆಯಲ್ಲಿ ಅದನ್ನು ಬಿಗಿಮಾಡುವ ಕೀಲಿಯಿರಬೇಕು. 29 ಇಂಚಿನ ಗಾಲಿ ಕಲ್ಲು, ಬೇರುಗಳನ್ನು ಸಲೀಸಾಗಿ ದಾಟುತ್ತದೆ, ಹಿಡಿದ ವೇಗವನ್ನು ಬೇಗ ಬಿಡುವುದಿಲ್ಲ. ಗಿಡ್ಡ ಮೈಯವರಿಗೆ 27.5 ಇಂಚಿನದು ಒಪ್ಪಬಹುದು. ಮುಂದಿನ ಚಕ್ರಕ್ಕೆ 32 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೆ 46 ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ತಿರುಗಿದಾಗ ಗಾಲಿ ಮುಕ್ಕಾಲು ಸುತ್ತೂ ತಿರುಗುವುದಿಲ್ಲ. ಎಂಥ ಏರನ್ನೂ ನಿಧಾನವಾಗಿ ಹತ್ತಬಹುದು. ಹಿಂದೆ 11 ಹಲ್ಲಿನ ಚಿಕ್ಕ ಚಕ್ರಕ್ಕೆ ಬಂದರೆ ಅದೇ ಒಂದು ಸುತ್ತಿಗೆ ಗಾಲಿ ಮೂರು ಸುತ್ತಿನ ಹತ್ತಿರ ಹೋಗುತ್ತದೆ. ಇನ್ನು ಟೈರು: ದೂರದ ರಸ್ತೆಗೆ ನುಣುಪಾದದ್ದು, ಗುಡ್ಡಕ್ಕೆ ಹಲ್ಲುಳ್ಳದ್ದು. ಸೈಕಲ್ಲು ಒಂದೇ ಇದ್ದರೂ ಟೈರುಗಳು ಎರಡು ಜೊತೆ ಇರಲಿ.

ನಮ್ಮ ನಾಡಿನ ಮಣ್ಣನ್ನೂ ಮರೆಯಲಾಗದು. ಹುಬ್ಬಳ್ಳಿಯಿಂದ ಪಡುವಣಕ್ಕೆ ಹೋದರೆ ಕೆಂಪು ಮಣ್ಣು. ಮೂಡಣಕ್ಕೆ, ನವಲಗುಂದದ ಕಡೆಗೆ, ಎರೆಭೂಮಿ. ಮಳೆಯಲ್ಲಿ ಎರೆಮಣ್ಣು ಟೈರಿಗೂ ಫ್ರೇಮಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಅಲ್ಲಿ ಬೆರಳು ತೂರುವಷ್ಟಾದರೂ ತೆರಪು ಇದೆಯೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳತಕ್ಕದ್ದು. ಸಂರಕ್ಷಿತ ಅರಣ್ಯದ ದಾರಿಗಳಿಗೆ ಇಲಾಖೆಯ ಅಪ್ಪಣೆಯಿಲ್ಲದೆ ಹೋಗತಕ್ಕದ್ದಲ್ಲ.

ಎಲ್ಲಕ್ಕೂ ಮೊದಲು ಮೈಯಳತೆ. ಫ್ರೇಮಿನ ಎರಡೂ ಬದಿಗೆ ಕಾಲೂರಿ ನಿಂತಾಗ ಮೇಲಿನ ಕೊಳವೆ ಮೈಗೆ ತಾಗಬಾರದು. ಒಂದೆರಡು ಇಂಚು ಅಂತರ ಬೇಕು. ಹ್ಯಾಂಡಲ್ಲಿಗೆ ಕೈ ಚಾಚಿದಾಗ ಮೊಣಕೈ ತುಸು ಬಾಗಿರಬೇಕು. ದುಬಾರಿ ಸೈಕಲ್ಲೂ ಈ ಅಳತೆ ತಪ್ಪಿದರೆ ದೂರದಾರಿಯಲ್ಲಿ ಬೆನ್ನು, ಮೊಣಕಾಲುಗಳನ್ನು ನೋಯಿಸುತ್ತದೆ.

ನಾವು ಹುಡುಗನನ್ನು ಕರೆಸಿ, "ತಪ್ಪು ನಿನ್ನ ಕಾಲಿನದಲ್ಲ, ನಮ್ಮ ಮಾತಿನದು" ಎಂದೆವು. ಅವನು ತಲೆಯೆತ್ತಿ ನಮ್ಮನ್ನು ನೋಡಿದ್ದು ಈಗಲೂ ಕಣ್ಣಮುಂದಿದೆ. ಹಳೆಯದನ್ನು ಮಾರಿ ಬಂದ ಹಣಕ್ಕೆ ನಮ್ಮ ಪಾದಕಾಣಿಕೆಯಿಂದ ಕೊರತೆಯನ್ನು ತುಂಬಿದೆವು. ಈ ಸಲ ಅಂಗಡಿಯಲ್ಲಿ ನಾವು ಬಾಯಿ ತೆರೆಯಲಿಲ್ಲ; ಅವನೇ ಏರಿ, ಇಳಿದು, ತುಳಿದು ಆರಿಸಿದ. ಮರುವರ್ಷ ಅದೇ 200 ಕಿಲೋಮೀಟರನ್ನು ಕಾಲಮಿತಿಗೆ ಅರ್ಧ ಗಂಟೆ ಮೊದಲೇ ಮುಗಿಸಿದ.

ವಾಚಕರೇ, ತಮ್ಮ ಮನೆಯ ಮಕ್ಕಳು ಸೈಕಲ್ಲು ಬೇಡಿದಾಗ ಹಿರಿಯರಾದ ತಾವು ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, "ಎಲ್ಲಿಗೆ ಹೋಗಬೇಕಂತೀಯೋ ತಮ್ಮಾ?" ಎಂಬುದನ್ನು. ನಾವು ಅಂದು ಅದೊಂದನ್ನು ಕೇಳಿದ್ದರೆ ಸಾಕಾಗಿತ್ತು.