ಭೂತಾಯಿಯ ಪಾಕ, ನಮ್ಮಣ್ಣನವರ ಹೊಲ

‘ಪಾಕ’ ಎಂದೊಡನೆ ನಮ್ಮವರಿಗೆ ನೆನಪಾಗುವುದು ಮೈಸೂರು ಪಾಕು. ಒಂದೆಳೆ, ಎರಡೆಳೆ ಎಂದು ಪಾಕದ ಹದ ನೋಡಬಲ್ಲ ಗೃಹಿಣಿಯರು ನಮ್ಮ ಪುಣೆಯ ಕನ್ನಡಿಗರಲ್ಲಿಯೂ ಇದ್ದಾರೆ, ಅವರಿಗೆ ನಮಸ್ಕಾರ. ಆದರೆ ಅವರೆಲ್ಲರಿಗಿಂತ ಹಿರಿಯಳಾದ ಪಾಕಪ್ರವೀಣೆ ಒಬ್ಬಳಿದ್ದಾಳೆ. ಆಕೆಯೇ ಭೂದೇವಿ. ಆಕೆ ಒಲೆಯ ಮೇಲೇರಿಸಿದ್ದು ಸಕ್ಕರೆಯನ್ನಲ್ಲ, ಕಲ್ಲನ್ನು! ಭೂಗರ್ಭದಲ್ಲಿ ಕರಗಿದ ಈ ಕಲ್ಲಿನ ರಸವನ್ನು ವಿಜ್ಞಾನಿಗಳು ‘ಮ್ಯಾಗ್ಮ’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಅದಕ್ಕೆ ಶಿಲಾಪಾಕ ಎಂಬ ಸೊಗಸಾದ ಹೆಸರೇ ಇದೆ.

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಾವು ದಿನವೂ ಈ ಪಾಕದ ಮೇಲೆಯೇ ಓಡಾಡುತ್ತೇವೆ. ಇಲ್ಲಿನ ಹಳೆಯ ಕಟ್ಟಡಗಳ ಕರಿಗಲ್ಲು, ರಸ್ತೆಯ ಜಲ್ಲಿ ಎಲ್ಲವೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾ. ಮಳೆಗಾಲ ಕಳೆದ ಮೇಲೆ ಹೊಳೆಯ ಮರಳಿನಲ್ಲಿ ಒಂದು ಅಯಸ್ಕಾಂತವನ್ನು ಆಡಿಸಿ ನೋಡಿ. ಕರಿಯ ಕಾಳುಗಳು ಗಡ್ಡದಂತೆ ಅಂಟಿಕೊಂಡು ಬರುತ್ತವೆ. ಅದೇ ಮ್ಯಾಗ್ನೆಟೈಟ್, ಕಬ್ಬಿಣದ ಅದಿರು. ಅದರೊಳಗೆ ಟೈಟೇನಿಯಂ ಕೂಡ ಸೇರಿಕೊಂಡಿದೆ. ಲಾವಾ ಬೇಗನೆ ಆರಿದ್ದರಿಂದ ಆ ಕಾಳುಗಳು ಒಂದೆಡೆ ಕೂಡಲು ಸಮಯ ಸಿಗದೆ ಕಲ್ಲಿನಲ್ಲೆಲ್ಲ ಚೆದುರಿ ಉಳಿದವು.

ಆದರೆ ಪಾಕವು ನೆಲದ ಮೇಲೆ ಬಾರದೆ ಆಳದಲ್ಲಿಯೇ ನಿಂತು ಸಾವಿರಾರು ವರ್ಷ ನಿಧಾನವಾಗಿ ಆರಿದರೆ? ಚಳಿಗಾಲದಲ್ಲಿ ತುಪ್ಪದ ಭರಣಿಯನ್ನು ನೋಡಿದವರಿಗೆ ಇದು ಅರ್ಥವಾದೀತು. ಹರಳು ತಳಕ್ಕಿಳಿಯುತ್ತದೆ, ತಿಳಿ ಮೇಲೆ ನಿಲ್ಲುತ್ತದೆ. ಸುಮಾರು 1,200 ಡಿಗ್ರಿ ಸೆಂಟಿಗ್ರೇಡ್ ಶಾಖದ ಶಿಲಾಪಾಕದಲ್ಲಿ ಮೊದಲು ಹರಳುಗಟ್ಟುವುದು ಆಲಿವಿನ್, ಪೈರಾಕ್ಸಿನ್, ಫೆಲ್ಡ್‌ಸ್ಪಾರ್ ಮುಂತಾದ ಖನಿಜಗಳು. ಇವು ಮೆಗ್ನೀಷಿಯಂ, ಕ್ಯಾಲ್ಸಿಯಂ, ಅಲ್ಯೂಮಿನಿಯಂಗಳನ್ನು ತಮಗೆ ಬೇಕಾದಷ್ಟು ಬಳಸಿಕೊಳ್ಳುತ್ತವೆ. ಕಬ್ಬಿಣವನ್ನು ಸ್ವಲ್ಪವೇ ಮುಟ್ಟುತ್ತವೆ. ಟೈಟೇನಿಯಂ ಕಡೆಗಂತೂ ಹೆಚ್ಚಾಗಿ ತಿರುಗಿಯೂ ನೋಡುವುದಿಲ್ಲ. ಮದುವೆಯ ಪಂಕ್ತಿಯಲ್ಲಿ ಯಾರಿಗೂ ಬೇಡವಾದ ಪಲ್ಯದಂತೆ ಅವೆರಡೂ ಉಳಿದ ರಸದಲ್ಲಿ ಹೆಚ್ಚುತ್ತ ಹೋಗುತ್ತವೆ. ಕೊನೆಗೊಂದು ಹದ ಬಂದಾಗ, ರಸದಲ್ಲಿನ ಆಮ್ಲಜನಕವೂ ಅನುಕೂಲವಾದಾಗ, ಮ್ಯಾಗ್ನೆಟೈಟ್ ಮತ್ತು ಇಲ್ಮೆನೈಟ್ ಖನಿಜಗಳು ಒಮ್ಮೆಗೇ ಹರಳುಗಟ್ಟುತ್ತವೆ. ಮ್ಯಾಗ್ನೆಟೈಟ್ ನೀರಿಗಿಂತ ಐದು ಪಟ್ಟು ಭಾರ. ಸುತ್ತಲಿನ ರಸಕ್ಕೆ ಅದರ ಅರ್ಧದಷ್ಟೇ ತೂಕ. ಆದ್ದರಿಂದ ಹರಳುಗಳು ತಳ ಸೇರಿ ಪದರವಾಗಿ ಕೂಡುತ್ತವೆ. ಇದಲ್ಲದೆ, ಎಣ್ಣೆ ನೀರುಗಳಂತೆ ಕಬ್ಬಿಣದ ರಸವೇ ಬೇರೆಯಾಗಿ ನಿಲ್ಲುತ್ತದೆ ಎಂಬ ವಾದವೂ ವಿದ್ವಾಂಸರಲ್ಲಿದೆ. ದಕ್ಷಿಣ ಆಫ್ರಿಕದ ಬುಷ್‌ವೆಲ್ಡ್‌ನಲ್ಲಿ ಸುಮಾರು 206 ಕೋಟಿ ವರ್ಷಗಳ ಹಿಂದೆ ಹೀಗೆ ಕೂಡಿದ ಮುಖ್ಯ ಪದರ ಎರಡು ಮೀಟರಿನಷ್ಟು ದಪ್ಪವಾಗಿದ್ದು, ಹತ್ತಾರು ಮೈಲಿಗಳವರೆಗೆ ಹಾಸಿಕೊಂಡಿದೆ.

ಈ ವಿಷಯದಲ್ಲಿ ನನಗೇಕಿಷ್ಟು ಆಸಕ್ತಿ ಎಂದು ವಾಚಕರು ಕೇಳಬಹುದು. ನಮ್ಮ ಪಿತ್ರಾರ್ಜಿತ ಹೊಲ ಇರುವುದು ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಸೀಮೆಯಲ್ಲಿ. ಅಲ್ಲಿ ಹೊಯ್ಸಳರ ದೇವಾಲಯ ಇರುವುದು ಎಲ್ಲರಿಗೂ ಗೊತ್ತು. ಮುನ್ನೂರು ಕೋಟಿ ವರ್ಷಕ್ಕೂ ಹಳೆಯ ಶಿಲಾಪಾಕ ಇರುವುದು ಕೆಲವರಿಗಷ್ಟೇ ಗೊತ್ತು. ಬೈರಾಪುರದ ಕ್ರೋಮೈಟ್ ಗಣಿ ಆ ಪಾಕದ್ದೇ. ಟೈಟೇನಿಯಂ, ವನೇಡಿಯಂ ಬೆರೆತ ಮ್ಯಾಗ್ನೆಟೈಟ್ ಅಲ್ಲಿಯೂ ಇದೆ. ನಮ್ಮ ಹೊಲದ ಬದುವಿನಲ್ಲಿ ಬಿದ್ದಿರುವ ಕರಿಕಲ್ಲುಗಳನ್ನು ಎತ್ತಿದರೆ, ಇಷ್ಟು ಚಿಕ್ಕ ಕಲ್ಲಿಗೆ ಇಷ್ಟು ಭಾರವೇ ಎನಿಸುತ್ತದೆ.

ಎರಡು ವರ್ಷಗಳ ಹಿಂದೆ ಒಬ್ಬ ದಲ್ಲಾಳಿ ಬಂದು ನಮ್ಮಣ್ಣನವರ ಕಿವಿಯೂದಿದ. “ಇದು ಕಬ್ಬಿಣ, ಸ್ವಾಮಿ! ಪಕ್ಕದ ಹೊಲವನ್ನೂ ಈಗಲೇ ಕೊಂಡುಬಿಡಿ. ಮುಂದೆ ಕೋಟಿ ಬೆಲೆ ಬರುತ್ತದೆ.” ಅಣ್ಣನವರು ತೆಂಗಿನ ತೋಟವನ್ನು ಅಡವಿಟ್ಟು ಹಣ ತರಲು ನಿಶ್ಚಯಿಸಿದರು. ಜಂಟಿ ಖಾತೆಯಾದ್ದರಿಂದ ನನ್ನ ಸಹಿ ಬೇಕಾಯಿತು. ಕಾಗದಗಳು ಪುಣೆಗೆ ಬಂದವು.

ತಂದೆಯವರು ಹೋದ ಮೇಲೆ ನನ್ನನ್ನು ಓದಿಸಿದವರು ಅವರು. ಅವರ ಮಾತಿಗೆ ಇಲ್ಲವೆನ್ನುವುದು ಹೇಗೆ? ಅತ್ತಿಗೆಯ ಜೀವನಕ್ಕೆ ಆಧಾರವಾದ ತೋಟವನ್ನು ಹೋಗಗೊಡುವುದು ಹೇಗೆ? ಎರಡು ರಾತ್ರಿ ನಿದ್ರೆ ಬರಲಿಲ್ಲ. ಮೂರನೆಯ ದಿನ ಕುಳಿತು ನಾಲ್ಕು ಪುಟದ ಪತ್ರ ಬರೆದೆ:

“ಅಣ್ಣಾ, ಕಬ್ಬಿಣವೆಲ್ಲ ಒಂದೇ ಅಲ್ಲ. 1923ರಲ್ಲಿ ಉರಿಯತೊಡಗಿದ ಭದ್ರಾವತಿಯ ಕುಲುಮೆಗೆ ಬಂದದ್ದು ಕೆಮ್ಮಣ್ಣುಗುಂಡಿಯ ಅದಿರು. ಅದು ಪ್ರಾಚೀನ ಸಮುದ್ರದ ತಳದಲ್ಲಿ ಸಂಚಯವಾದದ್ದು. ನಮ್ಮದು ಪಾಕದ ಅದಿರು. ಇದರಲ್ಲಿ ಟೈಟೇನಿಯಂ ಇಲ್ಮೆನೈಟ್ ರೂಪದಲ್ಲಿ ನೂಲಿಗಿಂತ ಸಣ್ಣ ಎಳೆಗಳಾಗಿ ಹೆಣೆದುಕೊಂಡಿರುತ್ತದೆ. ಪುಡಿ ಮಾಡಿದರೂ ಪೂರ್ತಿ ಬಿಡುವುದಿಲ್ಲ. ಊದುಕುಲುಮೆಗೆ ಹಾಕಿದರೆ ಕಿಟ್ಟ ಅಂಟಂಟಾಗಿ ಹರಿಯದೆ ನಿಲ್ಲುತ್ತದೆ. ಚೀನಾದ ಪಾನ್‌ಜಿಹ್ವಾದಲ್ಲಿ ಇಂಥ ಅದಿರಿನಿಂದಲೇ 1970ರಿಂದ ಕಬ್ಬಿಣ ತೆಗೆಯುತ್ತಿದ್ದಾರೆ, ನಿಜ. ಆದರೆ ಅಲ್ಲಿ ಬೆಟ್ಟಗಟ್ಟಲೆ ಅದಿರಿದೆ, ಅದಕ್ಕೆಂದೇ ರೂಪಿಸಿದ ಕುಲುಮೆಗಳಿವೆ. ನಮ್ಮ ಬದುವಿನ ಕಲ್ಲುಗಳನ್ನು ನಂಬಿ ತೋಟವನ್ನು ಅಡವಿಡಬೇಡಿ. ನಾನು ಸಹಿ ಹಾಕಲಾರೆ.”

ಉತ್ತರ ಬರಲಿಲ್ಲ. ದೂರವಾಣಿಯನ್ನೂ ಅವರು ಎತ್ತಲಿಲ್ಲ. ಅತ್ತಿಗೆ ಮಾತ್ರ ಮೆಲುದನಿಯಲ್ಲಿ, “ಕೋಪ ಇದೆ. ತೋಟವೂ ಇದೆ,” ಎಂದರು. ಆ ವರ್ಷ ಹೊಲದಲ್ಲಿ ಎಂದಿನಂತೆ ರಾಗಿ ಬಿತ್ತಿದರೆಂದು ತಿಳಿಯಿತು.

ದೀಪಾವಳಿಯ ಹೊತ್ತಿಗೆ ಊರಿನಿಂದ ಒಂದು ಚೀಲ ತೆಂಗಿನಕಾಯಿ ಬಂತು. ಎತ್ತಿದರೆ ಅಸಾಧ್ಯ ಭಾರ. ಬಿಚ್ಚಿ ನೋಡಿದರೆ ಕಾಯಿಗಳ ನಡುವೆ ಒಂದು ಕರಿಕಲ್ಲು! ಜೊತೆಗೆ ಚೀಟಿಯಿಲ್ಲ, ಮಾತಿಲ್ಲ. ಕಾಯಿಗಳು ಹಬ್ಬದಲ್ಲಿ ಖರ್ಚಾದವು. ಕಲ್ಲು ನನ್ನ ಮೇಜಿನ ಮೇಲಿದೆ. ಮಕ್ಕಳು ಅದಕ್ಕೆ ಅಯಸ್ಕಾಂತ ಅಂಟಿಸಿ ಆಡುತ್ತಾರೆ. ಈ ಸಂಕ್ರಾಂತಿಗೆ ಅವರನ್ನು ಕರೆದುಕೊಂಡು ಊರಿಗೆ ಹೊರಟಿದ್ದೇನೆ.