ಭೂಮಿ ಹುಣ್ಣಿಮೆಯ ಬುಟ್ಟಿಯಲ್ಲಿ ಕಡಲಾಚೆಯ ಮೆಣಸು

ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಭತ್ತದ ಪೈರು ಹೊಡೆ ಬಿಚ್ಚಿ ತೆನೆಯಲ್ಲಿ ಹಾಲು ತುಂಬಿಕೊಳ್ಳುತ್ತಿರುತ್ತದೆ. ಹೀಗೆ ಫಲ ಹೊತ್ತ ಭೂಮಿಯನ್ನು ಬಸುರಿ ಎಂದೇ ಬಗೆದು, ಅವಳ ಬಯಕೆ ತೀರಿಸಲು ಊಟ ಬಡಿಸುವ ಹಬ್ಬವೇ ಭೂಮಿ ಹುಣ್ಣಿಮೆ. ಉತ್ತರ ಕರ್ನಾಟಕದಲ್ಲಿ ಇದೇ ದಿನ ಸೀಗಿ ಹುಣ್ಣಿಮೆ. ಮಲೆನಾಡಿನ ಬೇಸಾಯಗಾರರೆಲ್ಲ ಇದನ್ನು ಆಚರಿಸುವರಾದರೂ ದೀವರ ಸಮುದಾಯದ ಮನೆಗಳಲ್ಲಿ ಇದಕ್ಕಿರುವ ಸಡಗರವೇ ಬೇರೆ. ಹಬ್ಬಕ್ಕೆ ಕೆಲವು ದಿನ ಮೊದಲೇ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ, ಹಸೆ ಚಿತ್ತಾರದ ಎಳೆಗಳನ್ನು ಬರೆದು ಅದನ್ನು ಭೂಮಣ್ಣಿ ಬುಟ್ಟಿಯಾಗಿಸುತ್ತಾರೆ. ರಾತ್ರಿಯಿಡೀ ಅಡುಗೆ ನಡೆದು, ಬೆಳಕು ಹರಿಯುವ ಮೊದಲೇ ಗಂಡಸರು ಆ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಪೈರಿಗೆ ಪೂಜೆ ಸಲ್ಲಿಸುತ್ತಾರೆ, ಚರಗ ಚೆಲ್ಲುತ್ತಾರೆ.

ಚರಗವೆಂದರೆ ಹೊಲಕ್ಕೆ ಎರಚುವ ಎಡೆ. ಅದರಲ್ಲಿ ಮುಖ್ಯವಾದ ಹಚ್ಚಂಬಲಿಯು ಅಮಟೆಕಾಯಿ, ಹಾಗಲಕಾಯಿ ಮತ್ತು ಹಿತ್ತಿಲು ಬೆಟ್ಟಗಳ ಬಗೆಬಗೆಯ ಸೊಪ್ಪು ಕುಡಿಗಳನ್ನು ಅನ್ನದೊಡನೆ ಕಲಸಿದ ಮಿಶ್ರಣವಾಗಿದ್ದು, ಒಂದು ಸೀಮೆಯಲ್ಲಿ ಆ ತಿಂಗಳು ಚಿಗುರಿದ್ದೆಲ್ಲದರ ಪಟ್ಟಿಯನ್ನೇ ಅದರಿಂದ ಬರೆದುಕೊಳ್ಳಬಹುದು. ಹಬ್ಬ ಮಾಡುವವರಲ್ಲಿ ಅನೇಕರಿಗೆ ಆ ನೆಲ ಬಹುಕಾಲ ಸ್ವಂತದ್ದಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು: ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರಕ್ಕಾಗಿಯೇ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ನಡೆಯಿತು.

ಹಚ್ಚಂಬಲಿಯಂಥ ಅಡುಗೆಯನ್ನು ಅಚ್ಚ ದೇಸಿ ಎಂದು ಹೊಗಳುವುದು ಸುಲಭ. ಆದರೆ ಅದು ಅರ್ಧ ಸತ್ಯ. ಅಮೆರಿಕದ ಲೂಸಿಯಾನ, ಕೆರಿಬಿಯನ್ ದ್ವೀಪಗಳು, ಮಾರಿಷಸ್ ಮೊದಲಾದೆಡೆ ಹಲವು ಖಂಡಗಳ ಜನ ಒಂದೇ ನೆಲದಲ್ಲಿ ಬೆರೆತಾಗ ಹುಟ್ಟಿದ ಮಿಶ್ರ ಪಾಕಪದ್ಧತಿಗೆ ಕ್ರಿಯೋಲ್ ಅಡುಗೆ ಎಂದು ಹೆಸರು. ಲೂಸಿಯಾನದ ಗಂಬೋ ಎಂಬ ಸಾರಿನಲ್ಲಿ ಆಫ್ರಿಕದವರ ಬೆಂಡೆ, ಹಿಟ್ಟನ್ನು ಜಿಡ್ಡಿನಲ್ಲಿ ಹುರಿಯುವ ಫ್ರೆಂಚ್ ಕ್ರಮ, ಚಾಕ್ಟಾ ಮೂಲನಿವಾಸಿಗಳ ಸಾಸಫ್ರಾಸ್ ಎಲೆಪುಡಿ ಇವುಗಳಿಗೆ ಒಂದೇ ಗಡಿಗೆಯಲ್ಲಿ ಜಾಗವುಂಟು. ಮಲೆನಾಡಿನ ಒಲೆಯೂ ಅಷ್ಟೇ ಬೆರಕೆಯದು. ಶರಾವತಿ ಕಡಲು ಸೇರುವ ಮುನ್ನ ಹಾಯುವ ಗೇರುಸೊಪ್ಪೆಯನ್ನು 16ನೇ ಶತಮಾನದ ಉತ್ತರಾರ್ಧದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು. ಅವಳ ನಾಡಿನ ಕಾಳುಮೆಣಸನ್ನು ಕೊಳ್ಳಲು ಬಂದ ಆ ವರ್ತಕರೇ ಅಮೆರಿಕ ಮೂಲದ ಮೆಣಸಿನಕಾಯಿಯನ್ನು ಭಾರತದ ಪಶ್ಚಿಮ ಕರಾವಳಿಗೆ ತಂದರು. ಸಿಹಿಗುಂಬಳ, ಗೆಣಸು, ಅನಾನಸುಗಳ ತವರೂ ಅಮೆರಿಕವೇ. ಮಲೆನಾಡಿನ ಹಿತ್ತಿಲಲ್ಲಿ ಯಾರೂ ನೆಡದೆ ಹುಟ್ಟುವ ಸೂಜಿಮೆಣಸಂತೂ ಹಕ್ಕಿಗಳು ತಿಂದು ಉದುರಿಸಿದ ಬೀಜದಿಂದ ಎಲ್ಲೆಂದರಲ್ಲಿ ಏಳುವುದರಿಂದ ಕಾಡಿನ ಹಳೇ ಒಕ್ಕಲೆಂಬಂತೆ ನಟಿಸುತ್ತದೆ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಲಾಗದು. ಗುಲಾಮರ ಹಡಗುಗಳು ಜನರನ್ನು ಬೇರುಸಹಿತ ಕಿತ್ತೊಯ್ದ ಮೇಲೆ ಕ್ರಿಯೋಲ್ ಅಡುಗೆ ಹುಟ್ಟಿತು. ಇಲ್ಲಿ ಅಡುಗೆ ಮೊದಲೇ ಬೆರೆತಿತ್ತು, ಜನ ಎದ್ದುಹೋದದ್ದು ಆಮೇಲೆ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು, ನೀರು 1819 ಅಡಿಯ ಪೂರ್ಣಮಟ್ಟದತ್ತ ಏರತೊಡಗಿದಾಗ, ವಿದ್ಯುತ್ತಿಗಾಗಿ ಮುಳುಗಿದ್ದು ಗದ್ದೆ ಮನೆಗಳಷ್ಟೇ ಅಲ್ಲ, ಉಪ್ಪಿನಕಾಯಿಗೆ ಹೆಸರಾದ ಅಪ್ಪೆಮಿಡಿಯ ಮರಗಳು ಬೆಳೆಯುವ ಹೊಳೆಯಂಚೂ ಹೌದು. ಸಂತ್ರಸ್ತರು ಬೇರೆ ಬೇರೆ ತಾಲ್ಲೂಕುಗಳಿಗೆ ಚದುರಿದರು. ಹಚ್ಚಂಬಲಿಗೆ ಬೇಕಾದ ಕುಡಿಗಳಲ್ಲಿ ಎಷ್ಟೋ ಹೊಸ ನೆಲದಲ್ಲಿ ಸಿಗದಿದ್ದಾಗ ಸಿಕ್ಕ ಸೊಪ್ಪನ್ನೇ ಹಾಕಿ ಹಬ್ಬ ಮಾಡುವುದು ಅನಿವಾರ್ಯ, ಮತ್ತು ಆ ಬದಲಿ ಸೊಪ್ಪಿನ ಅಡುಗೆಯನ್ನು ಕಳಪೆಯೆಂದು ಎಣಿಸುವುದು ಅನ್ಯಾಯ. ಕ್ರಿಯೋಲ್ ಅಡುಗೆಯವರೂ ಹೀಗೆ ಸಿಕ್ಕಿದ್ದನ್ನೇ ಹಾಕಿ ಬೇಯಿಸಿದವರು.

ಮಲೆನಾಡಿನ ಅಡುಗೆಯನ್ನು ಕಲಿಯಬಯಸುವವರಿಗೆ ಭೂಮಿ ಹುಣ್ಣಿಮೆಯ ಸೌತೆಕಾಯಿ ಕಡುಬಿಗಿಂತ ಒಳ್ಳೆಯ ಆರಂಭವಿಲ್ಲ. ಬಲಿತ ಸೌತೆಕಾಯಿಯನ್ನು ಬೀಜ ತೆಗೆದು ತುರಿದು, ಬೆಲ್ಲ, ಕಾಯಿತುರಿ, ಚಿಟಿಕೆ ಉಪ್ಪು ಸೇರಿಸಿ, ಬೆಚ್ಚಗೆ ಹುರಿದ ಅಕ್ಕಿತರಿಯನ್ನು ಅದಕ್ಕೆ ಸ್ವಲ್ಪಸ್ವಲ್ಪವೇ ಬೆರೆಸುತ್ತಾರೆ; ಒಂದು ಹನಿ ನೀರನ್ನೂ ಹಾಕುವಂತಿಲ್ಲ. ತುರಿ ಬಿಟ್ಟ ರಸವೆಷ್ಟೋ ಅಷ್ಟೇ ತರಿ ಬೇಕಾದ್ದರಿಂದ ಅಳತೆಯನ್ನು ಯಾವ ಪುಸ್ತಕವೂ ಹೇಳಲಾರದು, ಕಾಯಿಯೇ ಹೇಳಬೇಕು. ತರಿ ಹೆಚ್ಚಾದರೆ ಕಡುಬು ಗಟ್ಟಿಯಾಗುತ್ತದೆ, ಕಡಿಮೆಯಾದರೆ ಎಲೆಗೇ ಅಂಟುತ್ತದೆ. ಹಸಿ ಬಾಳೆಲೆ ಮಡಚಿದಲ್ಲಿ ಸೀಳುವುದರಿಂದ ಅದನ್ನು ಕೆಂಡದ ಮೇಲೆ ಬಾಡಿಸಿಕೊಂಡು, ಹಿಟ್ಟನ್ನು ಅದರಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಲಾಗುತ್ತದೆ. ಕೆಲವೆಡೆ ಇಂಥದೊಂದು ಕಡುಬನ್ನು ಗದ್ದೆಯಲ್ಲಿ ಹೂತು, ಕೊಯ್ಲಿನ ದಿನ ಹೊರತೆಗೆಯುವ ವಾಡಿಕೆಯೂ ಉಂಟು. ಉಳಿದವನ್ನು ಪೂಜೆ ಮುಗಿದ ಮೇಲೆ ಬದುವಿನಲ್ಲೇ ಕುಳಿತು ತುಪ್ಪದೊಂದಿಗೆ ತಿನ್ನುತ್ತಾರೆ. ಆ ಸಿಹಿಯ ನಡುವೆ ನಂಜಿಕೊಳ್ಳಲು ಎಲೆಯ ತುದಿಗೆ ಬರುವ ಉಪ್ಪಿನಕಾಯಿಯ ಖಾರವೆಲ್ಲ ಕಡಲಾಚೆಯ ಆ ಮೆಣಸಿನದೇ.