ಒಂದು ಚುಕ್ಕಿಯ ಬೆಲೆ



ನಿಮ್ಮ ಮನೆಯ ಕಪಾಟಿನಲ್ಲೂ ಒಂದು ಪ್ಲಾಸ್ಟಿಕ್ ಫೈಲ್ ಇರಬಹುದು. ರೇಷನ್ ಕಾರ್ಡು, ಮಕ್ಕಳ ಜನನ ಪತ್ರ, ಅಂಕಪಟ್ಟಿ, ಜಮಾಅತ್‌ನವರು ಕೊಟ್ಟ ನಿಕಾಹ್ ಪತ್ರ, ಬ್ಯಾಂಕಿನ ಪಾಸ್‌ಬುಕ್ ಎಲ್ಲವೂ ಅದರೊಳಗೆ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಅವು ಹಾಳಾಗದಂತೆ ನಾವು ಎಷ್ಟೊಂದು ಜೋಪಾನ ಮಾಡುತ್ತೇವೆ! ಆದರೆ ಅವನ್ನೇ ಇ-ಮೇಲ್‌ನಲ್ಲಿ ಕಳುಹಿಸಬೇಕಾದಾಗ ಆ ಜೋಪಾನ ಉಳಿಯುತ್ತದೆಯೇ? ನನ್ನಲ್ಲಿ ಉಳಿಯಲಿಲ್ಲ. ಆ ತಪ್ಪನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ಕಾಪುವಿನ ಕಡೆಯ ಶಾಲೆಯೊಂದರಲ್ಲಿ ಶಿಕ್ಷಕಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಮಣಿಪಾಲದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ತಂದೆ ಇಲ್ಲದ ಮಗು. ತಾಯಿ ಬೀಡಿ ಕಟ್ಟಿ, ಬಟ್ಟೆ ಹೊಲಿದು ಓದಿಸಿದ್ದರು. ಶುಲ್ಕಕ್ಕೆ ನೆರವು ನೀಡುವ ಸಂಸ್ಥೆಯೊಂದು ದಾಖಲೆಗಳನ್ನು ಇ-ಮೇಲ್‌ನಲ್ಲಿ ಕೇಳಿತ್ತು. ಕೊನೆಯ ದಿನ ಶನಿವಾರ. ಗುರುವಾರ ಸಂಜೆ ಆ ತಾಯಿ ಫೈಲನ್ನು ಎದೆಗೊತ್ತಿಕೊಂಡು ಬಂದರು. “ಟೀಚರ್, ನೀವೇ ಕಳಿಸಿಬಿಡಿ. ನನಗೆ ಇದೆಲ್ಲ ಗೊತ್ತಾಗುವುದಿಲ್ಲ” ಎಂದರು.

ನನಗೆ ಗೊತ್ತಿದೆ ಎಂಬ ಹಮ್ಮು ನನ್ನದು. ಶಾಲೆಯ ಸ್ಕ್ಯಾನರ್‌ನಲ್ಲಿ 600 ಡಿಪಿಐ, ಕಲರ್ ಎಂದು ಆರಿಸಿ ಹದಿನಾಲ್ಕು ಹಾಳೆಗಳನ್ನೂ ಹಾಕಿದೆ. ಹೆಚ್ಚು ಇದ್ದಷ್ಟೂ ಒಳ್ಳೆಯದಲ್ಲವೇ? ಫೈಲ್ ಎಷ್ಟು ದೊಡ್ಡದಾಯಿತೆಂದರೆ ಮೇಲ್ ಅದನ್ನು ತೆಗೆದುಕೊಳ್ಳಲೇ ಇಲ್ಲ. ಗಾಬರಿಯಲ್ಲಿ ಎಲ್ಲವನ್ನೂ 75 ಡಿಪಿಐ, ಬ್ಲ್ಯಾಕ್ ಆಂಡ್ ವೈಟ್‌ಗೆ ಇಳಿಸಿ ಮತ್ತೆ ಸ್ಕ್ಯಾನ್ ಮಾಡಿದೆ. ಮೇಲ್ ಕ್ಷಣದಲ್ಲಿ ಹೋಯಿತು. ತೆರೆದು ನೋಡುವ ತಾಳ್ಮೆ ನನಗಿರಲಿಲ್ಲ. “ನಿಶ್ಚಿಂತೆಯಿಂದ ಮನೆಗೆ ಹೋಗಿ” ಎಂದು ಆ ತಾಯಿಯನ್ನು ಕಳುಹಿಸಿದೆ.

ಶುಕ್ರವಾರ ಮಧ್ಯಾಹ್ನ ಉತ್ತರ ಬಂತು. ಖಾತೆ ಸಂಖ್ಯೆ ಓದಲಾಗುತ್ತಿಲ್ಲ. ಆದಾಯ ಪ್ರಮಾಣಪತ್ರದಲ್ಲಿ ಮೊಹರು ಕಾಣುತ್ತಿಲ್ಲ. ಎಲ್ಲ ಪುಟಗಳ ಮೇಲೂ ಒಂದು ಕಪ್ಪು ಗೆರೆ ಇದೆ. ನಾಳೆಯೊಳಗೆ ಸರಿಪಡಿಸಿ ಕಳುಹಿಸದಿದ್ದರೆ ಅರ್ಜಿ ಪರಿಗಣಿಸುವುದಿಲ್ಲ!

ಕಾರ್ಕಳದಲ್ಲಿರುವ ನನ್ನ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಕಂಪ್ಯೂಟರ್ ರಿಪೇರಿಯ ಕೆಲಸದವನು. “ಖಾಲಾ, ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಅಂತ, ಅಷ್ಟೇ” ಎಂದ.

ಚುಕ್ಕಿ! ಮದ್ರಸದಲ್ಲಿ ಕಲಿತವಳಿಗೆ ಚುಕ್ಕಿಯ ಬೆಲೆ ಬೇರೆ ಹೇಳಬೇಕೆ? ಅರಬಿಯ ಬಾ, ತಾ, ಸಾ ಮೂರಕ್ಕೂ ಒಂದೇ ಮೈ. ಕೆಳಗೊಂದು ಚುಕ್ಕಿಯಿದ್ದರೆ ಬಾ, ಮೇಲೆ ಎರಡಿದ್ದರೆ ತಾ, ಮೂರಿದ್ದರೆ ಸಾ. ಮಕ್ಕಳು ಒಂದು ಚುಕ್ಕಿ ಬಿಟ್ಟರೂ ನಾನು ಸ್ಲೇಟು ಹಿಂದಿರುಗಿಸುತ್ತಿದ್ದೆ. ಅಂಥವಳು ಒಬ್ಬ ತಾಯಿಯ ಕಾಗದಗಳಿಂದ ಲಕ್ಷಗಟ್ಟಲೆ ಚುಕ್ಕಿಗಳನ್ನು ಅಳಿಸಿ ಕಳುಹಿಸಿದ್ದೆ!

ಲೆಕ್ಕ ನೋಡಿ. ಒಂದು ಎ4 ಹಾಳೆಯನ್ನು 75 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು ಐದೂವರೆ ಲಕ್ಷ ಚುಕ್ಕಿಗಳು. 300ರಲ್ಲಿ ಸುಮಾರು 87 ಲಕ್ಷ. 600ರಲ್ಲಿ ಅದರ ನಾಲ್ಕು ಪಟ್ಟು, ಅಂದರೆ ಮೂರೂವರೆ ಕೋಟಿಯ ಹತ್ತಿರ. ಅಕ್ಷರದ ಕಾಗದಗಳಿಗೆ 300 ಸಾಕು. ಜೀಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡ ಲಗತ್ತು ಹೋಗುವುದಿಲ್ಲ. ಮೇಲ್‌ನಲ್ಲಿ ಸಾಗುವಾಗ ಫೈಲ್ ಮೂರನೇ ಒಂದು ಪಾಲಿನಷ್ಟು ಉಬ್ಬುವುದರಿಂದ ಹತ್ತು ಎಂಬಿಯೊಳಗೆ ಇರಿಸುವುದೇ ಕ್ಷೇಮ.

ಬಣ್ಣದ ವಿಷಯವೂ ಹೀಗೆಯೇ. ಬ್ಲ್ಯಾಕ್ ಆಂಡ್ ವೈಟ್‌ನಲ್ಲಿ ಪ್ರತಿ ಚುಕ್ಕಿಯೂ ಒಂದೋ ಕಪ್ಪು, ಇಲ್ಲವೇ ಬಿಳಿ. ಮಾಸಿದ ನೇರಳೆ ಮೊಹರು ಬಿಳಿಯೆಂದೇ ಲೆಕ್ಕವಾಗಿ ಮಾಯವಾಗುತ್ತದೆ. ಮೊಹರು, ಸಹಿ, ಫೋಟೊ ಇರುವ ಹಾಳೆಗೆ ಕಲರ್ ಇಡಿ, ಉಳಿದವಕ್ಕೆ ಗ್ರೇಸ್ಕೇಲ್ ಸಾಕು. ಎಲ್ಲವನ್ನೂ ಸೇರಿಸಿ ಒಂದೇ ಪಿಡಿಎಫ್ ಮಾಡಿ.

ಇನ್ನು ಕಪ್ಪು ಗೆರೆ. ಸ್ಕ್ಯಾನರ್ ತಾನೇ ಹಾಳೆ ಎಳೆದುಕೊಳ್ಳುವ ಕಡೆ ದೊಡ್ಡ ಗಾಜಿನ ಪಕ್ಕದಲ್ಲಿ ಬೆರಳಗಲದ ಒಂದು ಗಾಜಿನ ಪಟ್ಟಿ ಇರುತ್ತದೆ. ಅದರ ಮೇಲೆ ಸಾಸಿವೆಗಿಂತ ಸಣ್ಣ ಕೊಳೆ ಕೂತಿದ್ದರೂ ಹಾಳೆ ಅದರ ಮೇಲೆ ಸಾಗುವಾಗ ಉದ್ದಕ್ಕೂ ಗೆರೆ ಬೀಳುತ್ತದೆ. ಸ್ವಿಚ್ ಆಫ್ ಮಾಡಿ, ಮೆತ್ತನೆಯ ಬಟ್ಟೆಯನ್ನು ತುಸುವೇ ಒದ್ದೆ ಮಾಡಿ ಒರೆಸಬೇಕು. ಗಾಜಿನ ಮೇಲೆ ನೇರವಾಗಿ ನೀರು ಹಾಕಬಾರದು. ಒರೆಸಿದೆ, ಗೆರೆ ಹೋಯಿತು!

ಶನಿವಾರ ಬೆಳಿಗ್ಗೆ ಆ ತಾಯಿಯನ್ನು ಕರೆಸಿ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಅವರು ಒಂದು ಮಾತೂ ಆಡಲಿಲ್ಲ, ಕುರ್ಚಿ ಎಳೆದು ನನ್ನ ಪಕ್ಕ ಕುಳಿತರು. ಅವರು ಕಾರ್ಕಳದಲ್ಲಿ ಓದಿದಾಗಿನ ಶಾಲಾ ಪತ್ರವೂ ಫೈಲಿನಲ್ಲಿತ್ತು. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ಅದರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಎಂದೇ ಇತ್ತು. ಆ ವಿವರವನ್ನು ಮೇಲ್‌ನಲ್ಲಿ ಒಂದು ಸಾಲು ಬರೆದೆ. ಇಂಥ ಜೀರ್ಣ ಕಾಗದವನ್ನು ಯಂತ್ರಕ್ಕೆ ಎಳೆಯಲು ಕೊಡಬಾರದು, ಗಾಜಿನ ಮೇಲೆ ಮಲಗಿಸಬೇಕು. ಹಿಂಬದಿಯ ಬರಹ ಮೂಡದಂತೆ ಮೇಲೊಂದು ಕಪ್ಪು ಕಾಗದ ಇಟ್ಟೆ.

ಫೈಲ್ ಮತ್ತೆ ದೊಡ್ಡದಾದೀತೆಂದು ಅಂಜಿ ಪಾಸ್‌ಬುಕ್ಕಿನ ಪುಟಕ್ಕೆ 150 ಇಟ್ಟಿದ್ದೆ. ಪರದೆಯನ್ನೇ ನೋಡುತ್ತಿದ್ದ ಆ ತಾಯಿ ಬೆರಳಿಟ್ಟು ಕೇಳಿದರು: “ಟೀಚರ್, ಈ ಎಂಟು ಮೂರರ ಹಾಗೆ ಕಾಣುತ್ತದಲ್ಲಾ?” ಹೌದು! ಪಾಸ್‌ಬುಕ್ಕಿನ ಮಾಸಿದ ಮುದ್ರಣ ನನ್ನ ಕಣ್ಣನ್ನು ತಪ್ಪಿಸಿತ್ತು. ಸೂಜಿಗೆ ನೂಲು ಪೋಣಿಸುವ ಕಣ್ಣಿಗೆ ತಪ್ಪಲಿಲ್ಲ. ಆ ಪುಟವನ್ನು 300ರಲ್ಲಿ ಮತ್ತೆ ಮಾಡಿದೆವು. ಹದಿನಾಲ್ಕು ಪುಟ ಸೇರಿ ಆರು ಎಂಬಿ ಆಯಿತು. ಸಂಜೆಯೊಳಗೆ “ದಾಖಲೆಗಳು ಸ್ಪಷ್ಟವಾಗಿವೆ” ಎಂಬ ಉತ್ತರ ಬಂತು. ಮುಂದೆ ನೆರವೂ ಸಿಕ್ಕಿತು.

ಇನ್ನು ಕೆಲವು ಮಾತುಗಳನ್ನು ನೆನಪಿಡಿ. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಕಾರ್ಪೊರೇಶನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕನ್ನು ಸೇರಿತು. ಅವುಗಳ ಹಳೆಯ ಐಎಫ್‌ಎಸ್‌ಸಿ ಈಗ ನಡೆಯುವುದಿಲ್ಲ. ಹಳೆಯ ಪಾಸ್‌ಬುಕ್ಕನ್ನು ಎಷ್ಟು ಚೆನ್ನಾಗಿ ಸ್ಕ್ಯಾನ್ ಮಾಡಿದರೂ ಪ್ರಯೋಜನವಿಲ್ಲ, ಹೊಸದನ್ನು ಪಡೆಯಿರಿ. ವಾಟ್ಸಾಪ್‌ನಲ್ಲಿ ಕಾಗದವನ್ನು ಫೋಟೊ ಎಂದು ಕಳುಹಿಸಿದರೆ ಚುಕ್ಕಿಗಳು ಕಡಿಮೆಯಾಗುತ್ತವೆ, ಡಾಕ್ಯುಮೆಂಟ್ ಎಂದೇ ಕಳುಹಿಸಿ. ಸೈಬರ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದರೆ ನಿಮ್ಮ ಆಧಾರ್, ಫೋಟೊಗಳನ್ನು ಆ ಕಂಪ್ಯೂಟರ್‌ನಿಂದ ಅಳಿಸಿಸಿ, ಮೇಲ್‌ನಿಂದ ಲಾಗೌಟ್ ಆಗಿಯೇ ಹೊರಗೆ ಬನ್ನಿ.

ಸಹೋದರಿಯರೇ, “ನನಗೆ ಇದೆಲ್ಲ ಗೊತ್ತಾಗುವುದಿಲ್ಲ” ಎಂದು ಕಾಗದವನ್ನು ಇನ್ನೊಬ್ಬರ ಕೈಗಿತ್ತು ದೂರ ನಿಲ್ಲಬೇಡಿ. ಗುಂಡಿ ಒತ್ತುವವರು ಯಾರೇ ಇರಲಿ, ಪಕ್ಕದಲ್ಲಿ ಕುಳಿತು ನೋಡಿ. ಕಳುಹಿಸುವ ಮುನ್ನ ಪ್ರತಿ ಪುಟವನ್ನೂ ತೆರೆದು, ದೊಡ್ಡದು ಮಾಡಿ ಓದಿ. ಇತರರ ಕಾಗದ ನಿಮ್ಮ ಕೈಗೆ ಬಂದರಂತೂ ಅದು ಅಮಾನತ್ತು ಎಂಬುದನ್ನು ಮರೆಯಬೇಡಿ. ಒಂದು ಚುಕ್ಕಿ ತಪ್ಪಿದರೆ ಅಕ್ಷರ ಬದಲಾಗುತ್ತದೆ ಎಂದು ನಾನು ಮಕ್ಕಳಿಗೆ ಕಲಿಸುತ್ತಿದ್ದೆ. ಒಂದು ಮಗುವಿನ ಭವಿಷ್ಯವೂ ಬದಲಾಗಬಹುದು ಎಂದು ನನಗೆ ಕಲಿಸಿದ್ದು ಆ ತಾಯಿ.